ಕೆಳಗೆ ಹೆಜ್ಜೇನು, ಮೇಲೆ ಪ್ರಕಾಶ

…ಅಥವಾ ಅಂದು ಅಷ್ಟೊಂದು ಮಂಜು ಇರಲೇ ಇಲ್ಲವೇನೋ. ಈ ಪ್ರಸಂಗವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳಿದಷ್ಟೂ ಮಂಜು ದಟ್ಟವಾಗುತ್ತ ಬಂದಿದೆ. ಮೊದಲ ಸಲ ಹೇಳಿದಾಗ ಟವರಿನ ತುದಿಯೊಂದೇ ಕಾಣುತ್ತಿರಲಿಲ್ಲ. ಇತ್ತೀಚೆಗೆ ಕೊಪ್ಪದ ಒಂದು ಮದುವೆ ಊಟದಲ್ಲಿ ಹೇಳುವಾಗ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಜೀಪಿನ ಮಂಜಪ್ಪನ ಮೊಬೈಲಿನಲ್ಲಿ ಆ ಬೆಳಗಿನ ಒಂದು ಫೋಟೊ ಇದೆ. ಅದರಲ್ಲಿ ಆಕಾಶ ನೀಲಿ. ಮಂಜು ಕರಗಿದ ಮೇಲೆ ತೆಗೆದದ್ದು ಎಂದು ನನ್ನ ವಾದ, ಹತ್ತುವ ಮೊದಲೇ ತೆಗೆದದ್ದು ಎಂದು ಅವನದು. ಫೋಟೊದ ಗಂಟೆ ನೋಡೋಣವೆಂದರೆ ಅವನ ಮೊಬೈಲಿನ ಗಡಿಯಾರ ಆಗ ಯಾವ ದೇಶದ ಹೊತ್ತು ತೋರಿಸುತ್ತಿತ್ತೋ ಅವನಿಗೇ ತಿಳಿಯದು. ಹಾಗಾಗಿ ಓದುವವರು ಮಂಜನ್ನು ತಮಗೆ ಬೇಕಾದಷ್ಟು ಇಟ್ಟುಕೊಳ್ಳಬಹುದು. ಟವರಿನ ಮೇಲ್ಭಾಗ ನೆಲಕ್ಕೆ ಕಾಣುತ್ತಿರಲಿಲ್ಲ ಎಂಬಷ್ಟನ್ನು ಮಾತ್ರ ನಾನು ಬಿಟ್ಟುಕೊಡಲಾರೆ. ಕಂಡಿದ್ದರೆ ಪ್ರಕಾಶ ಹತ್ತುತ್ತಿರಲಿಲ್ಲ.

ಕೊರೋನಾದ ಗಲಾಟೆ ತಣ್ಣಗಾದ ಮರುವರ್ಷದ ಡಿಸೆಂಬರ್ ಅದು. ನಾನು ಕೊಪ್ಪದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜೂನಿಯರ್ ಇಂಜಿನಿಯರ್. ನಿವೃತ್ತಿ ಹತ್ತಿರವಾಗಿತ್ತು, ಲ್ಯಾಂಡ್‌ಲೈನುಗಳು ನನಗಿಂತ ಮೊದಲೇ ನಿವೃತ್ತವಾಗುತ್ತಿದ್ದವು. ಸರ್ವಿಸಿನುದ್ದಕ್ಕೂ ಕಂಬ, ಕೇಬಲ್, ಟವರ್ ಇವುಗಳ ಜೊತೆಗೇ ಬದುಕಿದವನೆಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಹ್ಯಾಮ್‌ಗಳು ತಮ್ಮ ಟವರಿನ ಉಸ್ತುವಾರಿಯನ್ನೂ ನನಗೇ ವಹಿಸಿದ್ದರು. ನಾನೂ ಒಬ್ಬ ಹ್ಯಾಮ್.

ಹ್ಯಾಮ್ ಎಂದರೆ ಸರ್ಕಾರದ ಪರವಾನಗಿ ಪಡೆದು ಸ್ವಂತ ರೇಡಿಯೊದಲ್ಲಿ ಪರಸ್ಪರ ಮಾತಾಡುವ ಹವ್ಯಾಸಿಗಳು. ನಮ್ಮ ಮೂರು ತಾಲ್ಲೂಕುಗಳಲ್ಲಿ ಅದು ಬರೀ ಹವ್ಯಾಸವಲ್ಲ. ಮಳೆಗಾಲದಲ್ಲಿ ಮರ ಬಿದ್ದು ಕರೆಂಟು ಹೋಗಿ, ಮೊಬೈಲ್ ಟವರಿನ ಬ್ಯಾಟರಿ ಮುಗಿದು, ರಸ್ತೆ ಕುಸಿದು ಕೂತಾಗ ಆಸ್ಪತ್ರೆಗೆ, ತಾಲ್ಲೂಕು ಕಚೇರಿಗೆ ಸುದ್ದಿ ಮುಟ್ಟಿಸಿದವರು ನಾವೇ. ಆದರೆ ಗುಡ್ಡಗಳ ನಡುವೆ ಕೂತವರ ದನಿ ಒಬ್ಬರಿಂದ ಒಬ್ಬರಿಗೆ ನೇರವಾಗಿ ಮುಟ್ಟುವುದಿಲ್ಲ. ಅದಕ್ಕೆ ಮೇಗುಂದದ ಕಡೆಯ ಒಂದು ಗುಡ್ಡದ ನೆತ್ತಿಯಲ್ಲಿ ಇಪ್ಪತ್ತು ಮೀಟರಿನ ಮೂರು ಕಾಲಿನ ಟವರ್, ಅದರ ಬುಡದಲ್ಲಿ ಸಿಮೆಂಟಿನ ಪುಟ್ಟ ಕೋಣೆ, ಕೋಣೆಯೊಳಗೆ ರಿಪೀಟರ್ ಎಂಬ ಯಂತ್ರ. ಒಬ್ಬರ ದನಿಯನ್ನು ಹಿಡಿದು ಅದೇ ಕ್ಷಣ ಎತ್ತರದಿಂದ ಜೋರಾಗಿ ಬಿಡುವುದು ಅದರ ಕೆಲಸ.

ಆ ವರ್ಷ ಮಳೆ ನಿಂತ ಮೇಲೆ ನರಸಿಂಹರಾಜಪುರದವರ ಮಾತು ಶೃಂಗೇರಿಗೆ ಹರಿದು ಹರಿದು ಕೇಳತೊಡಗಿತು. ಆಂಟೆನಾಕ್ಕೆ ಕೇಬಲ್ ಸೇರುವ ಕಡೆ ನೀರು ಕುಡಿದು ಕನೆಕ್ಟರ್ ಹಸಿರುಗಟ್ಟಿರಬೇಕು ಎಂದು ನನ್ನ ಅಂದಾಜು. ಬದಲಾಯಿಸಲು ಯಾರಾದರೂ ಹತ್ತಲೇಬೇಕು.

ಹತ್ತುವವನು ಪ್ರಕಾಶ. ಹಿರೇಕೊಡಿಗೆಯವನು, ನಲವತ್ತರ ಆಚೀಚೆ, ಸ್ವಲ್ಪ ಅಡಿಕೆ, ಸ್ವಲ್ಪ ಕಾಫಿ. ಎತ್ತರವೆಂದರೆ ಅವನಿಗೆ ಜಗಲಿ ಇದ್ದ ಹಾಗೆ. ಹೆದರಿಕೆ ಇದ್ದದ್ದು ಒಂದಕ್ಕೇ. ಅದಕ್ಕೂ ಹಿಂದಿನ ವರ್ಷ ಕಾಫಿ ಕೊಯ್ಯುವಾಗ ಒಂದೇ ಒಂದು ಜೇನುಹುಳ ಕುತ್ತಿಗೆಗೆ ಕಚ್ಚಿ, ಗಂಟಲು ಊದಿ ಉಸಿರು ಕಟ್ಟಿ, ಆಸ್ಪತ್ರೆಯವರು ಇಂಜೆಕ್ಷನ್ ಕೊಟ್ಟು ಉಳಿಸಿದ್ದರು. ಇನ್ನೊಮ್ಮೆ ನಾಲ್ಕೈದು ಕಚ್ಚಿದರೆ ತಾವೂ ಏನೂ ಮಾಡಲಾಗದು ಎಂದು ಡಾಕ್ಟರು ಅವನ ಹೆಂಡತಿಯ ಎದುರಿಗೇ ಹೇಳಿದ್ದರು. ಅದಕ್ಕೇ ಹಿಂದಿನ ವಾರ ನಾನೂ ಮಂಜಪ್ಪನೂ ಹೋಗಿ ಟವರನ್ನು ಮೂರು ಕಡೆಯಿಂದಲೂ ನೋಡಿ ಬಂದಿದ್ದೆವು. ಒಂದು ನೊಣವೂ ಇರಲಿಲ್ಲ. ಇಷ್ಟು ನಿಜ. ಆದರೆ ಹೆಜ್ಜೇನು ವಾರ ಕಾಯುವ ಪ್ರಾಣಿಯಲ್ಲ. ಬರಬೇಕೆಂದರೆ ಒಂದು ಮಧ್ಯಾಹ್ನ ಸಾಕು ಅದಕ್ಕೆ.

ಜಯಪುರದಲ್ಲಿ ಅವಲಕ್ಕಿ ತಿಂದು ಟೀ ಕುಡಿದು ಗುಡ್ಡ ಹತ್ತಿದೆವು. ಚಳಿಗೆ ಪ್ರಕಾಶ ಮಂಕಿ ಟೋಪಿ ಹಾಕಿಕೊಂಡು ಅದರ ಮೇಲೆ ಹೆಲ್ಮೆಟ್ ಇಟ್ಟುಕೊಂಡ.

"ಪ್ರಕಾಶಣ್ಣ, ಈ ವೇಷದಲ್ಲಿ ನೀವು ತೋಟಕ್ಕೆ ಹೋದ್ರೆ ಮಂಗ ಓಡ್ಸೋಕೆ ಪಟಾಕಿ ಬೇಡ ಕಣಿ" ಎಂದ ಮಂಜಪ್ಪ.

"ನಿನ್ನ ಜೀಪಿನ ಹೊಗೆಗೇ ಮಂಗ ಎಲ್ಲ ಘಾಟಿ ಇಳ್ದು ಹೋಗಿದಾವೆ. ಸುಮ್ನಿರಾ ಮಾರಾಯ."

ಟವರ್ ಹತ್ತುವಾಗ ನಮ್ಮಲ್ಲಿ ಒಂದು ಪದ್ಧತಿ ಇದೆ. ನಾನು ಇಲಾಖೆಯಿಂದ ತಂದದ್ದು. ಆಂಟೆನಾದ ಹತ್ತಿರ ಮನುಷ್ಯನಿರುವಾಗ ರಿಪೀಟರ್ ಆನ್ ಆಗಕೂಡದು. ಅದರ ಶಕ್ತಿ ಮೈಗೆ ಒಳ್ಳೆಯದಲ್ಲ. ಸ್ವಿಚ್ಚನ್ನು ಯಾರಾದರೂ ಮರೆತು ಒತ್ತಬಹುದು. ಆದ್ದರಿಂದ ಫ್ಯೂಸನ್ನೇ ಕಿತ್ತು ಹತ್ತುವವನ ಜೇಬಿಗೆ ಹಾಕುತ್ತೇವೆ. ಅವನು ಇಳಿದು ಬಂದು ತಾನೇ ಕೊಟ್ಟರೆ ಮಾತ್ರ ಯಂತ್ರಕ್ಕೆ ಜೀವ. ಅಂದೂ ಹಾಗೇ ಮಾಡಿದೆವು.

ರಿಪೀಟರ್ ಇಲ್ಲದಾಗ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟುಗಳಲ್ಲಿ ನೇರ ಮಾತು. ಇಲ್ಲಿ ಒಂದು ವಿಷಯ ಓದುವವರ ಗಮನದಲ್ಲಿರಬೇಕು. ಟವರಿನ ತುದಿಯಲ್ಲಿದ್ದವನ ಸೆಟ್ಟು ಶೃಂಗೇರಿಗೆ ನಿಚ್ಚಳ ಕೇಳುತ್ತದೆ. ಬುಡದಲ್ಲಿದ್ದವನ ಸೆಟ್ಟು ಕೇಳುವುದಿಲ್ಲ, ನಡುವೆ ಗುಡ್ಡದ ಹೆಗಲು ಅಡ್ಡ. ಶೃಂಗೇರಿಯ ಮನೆಯ ದೊಡ್ಡ ಸೆಟ್ಟಿನ ಮಾತು ಮಾತ್ರ ನಮಗಿಬ್ಬರಿಗೂ ಗಟ್ಟಿಯಾಗಿ ಕೇಳುತ್ತದೆ.

ಶೃಂಗೇರಿಯಲ್ಲಿ ಕೂತಿದ್ದವರು ಸುಮಿತ್ರಕ್ಕ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತರಾದವರು. ನಮ್ಮ 'ನೆಟ್' ನಡೆಸುವುದು ಅವರೇ. ನೆಟ್ ಎಂದರೆ ಎಲ್ಲ ಹ್ಯಾಮ್‌ಗಳೂ ಒಂದೇ ಚಾನೆಲ್ಲಿಗೆ ಬಂದು ಸರದಿ ಪ್ರಕಾರ ಮಾತಾಡುವ ಹೊತ್ತು. ಸರದಿ ತಪ್ಪಿ ಬಾಯಿ ಹಾಕಿದವರನ್ನು ಅವರು ಬೆಂಚಿನ ಮೇಲೆ ನಿಲ್ಲಿಸಿದಂತೆಯೇ ಮಾತಾಡಿಸುತ್ತಿದ್ದರು. ಪ್ರಕಾಶನಿಗೆ ಮೋರ್ಸ್ ಕಲಿಸಿದ್ದು ಅವರೇ. ಮೋರ್ಸ್ ಅಂದರೆ ಒಂದೊಂದು ಇಂಗ್ಲಿಷ್ ಅಕ್ಷರಕ್ಕೂ ಗಿಡ್ಡ-ಉದ್ದ ಸದ್ದುಗಳ ಗುರುತು, ಹಿಂದಿನ ಕಾಲದ ತಂತಿಯ ಭಾಷೆ. ಹ್ಯಾಮ್ ಪರವಾನಗಿಯಲ್ಲಿ ಎರಡು ದರ್ಜೆ. ಮೇಲಿನದಕ್ಕೆ ಮೋರ್ಸ್ ಪರೀಕ್ಷೆ ಪಾಸಾಗಬೇಕು. ನನ್ನದು ಕೆಳಗಿನದು.

ಪ್ರಕಾಶ ಉತ್ತರದ ಮುಖದಿಂದ ಹತ್ತಿದ. ಮಂಜಿನೊಳಗೆ ಮೊದಲು ತಲೆ, ಆಮೇಲೆ ಸೊಂಟ, ಕೊನೆಗೆ ಬೂಟು ಮರೆಯಾಯಿತು. ಸ್ವಲ್ಪ ಹೊತ್ತಿಗೆ ಸೆಟ್ಟಿನಲ್ಲಿ ಅವನ ದನಿ: "ಕನೆಕ್ಟರ್ ಪೂರಾ ಹಸ್ರು ಸಾರ್. ನೀವು ಹೇಳಿದ್ದೇ ಸರಿ." ಸಾಮಾನು ಎಳೆಯಲು ತುದಿಯಲ್ಲಿ ಕಟ್ಟಿದ ರಾಟೆಯ ಹಗ್ಗದಲ್ಲಿ ಹೊಸದನ್ನು ಮೇಲೆ ಕಳಿಸಿದೆವು. ಅರ್ಧ ಗಂಟೆಯೊಳಗೆ ಕೆಲಸ ಮುಗಿಯಿತು. ಅದನ್ನು ತಿಳಿಸಲು ಅವನು ತನ್ನ ಸೆಟ್ಟಿನಲ್ಲೇ ಶೃಂಗೇರಿಯನ್ನು ಕರೆದ. "ಕ್ಲಿಯರ್ ಇದೆ, ಇನ್ನು ಇಳಿ" ಎಂದರು ಸುಮಿತ್ರಕ್ಕ.

ಆಗ ಬಿಸಿಲು ಬಂತು. ಮಂಜು ಟವರಿನ ಮೇಲಿನಿಂದ ಕೆಳಕ್ಕೆ, ಪರದೆ ಇಳಿಸಿದಂತೆ ಬಿಟ್ಟುಕೊಟ್ಟಿತು.

ಟವರಿನ ಮೇಲ್ಭಾಗದಲ್ಲಿ, ತುದಿಗಿಂತ ಎರಡಾಳು ಕೆಳಗೆ, ದಕ್ಷಿಣಕ್ಕೆ ಮುಖ ಮಾಡಿದ ಸೋಲಾರ್ ಪ್ಯಾನೆಲ್ ಇದೆ. ಅದರ ಅಡಿಯಿಂದ ಏನೋ ಕಪ್ಪಗೆ ಇಳಿಬಿದ್ದಿತ್ತು. ಒದ್ದೆ ಗೋಣಿ ಎಂದುಕೊಂಡೆ. ಗೋಣಿಯ ಮೇಲೆ ಒಂದು ಅಲೆ ಎದ್ದು ಅಂಚಿನಿಂದ ಅಂಚಿಗೆ ಹರಿಯಿತು.

ಮಂಜಪ್ಪ ನನ್ನ ತೋಳು ಹಿಡಿದ. "ಸಾರ್. ಹೆಜ್ಜೇನು."

ಪ್ರಕಾಶ ಅದರ ಪಕ್ಕದಲ್ಲೇ, ಪ್ಯಾನೆಲ್ಲಿನ ಮರೆಯಲ್ಲಿ, ಚಳಿಗೆ ಮರಗಟ್ಟಿ ಕೂತಿದ್ದ ಹುಳಗಳಿಗೆ ಗೊತ್ತಾಗದ ಹಾಗೆ ಹತ್ತಿ ಹೋಗಿದ್ದ. ಈಗ ಅವು ಅವನ ಮತ್ತು ನೆಲದ ನಡುವೆ ಇದ್ದವು. ಬಿಸಿಲು ನೇರ ಅವುಗಳ ಮೇಲೆ ಬಿದ್ದಿತ್ತು.

ನಾನು ಸೆಟ್ಟಿನಲ್ಲಿ ಮೆಲ್ಲಗೆ ಹೇಳಿದೆ: "ಪ್ರಕಾಶ, ಇಳಿಬೇಡ. ಪ್ಯಾನೆಲ್ಲಿನ ಅಡಿಗೆ ಹೆಜ್ಜೇನಿದೆ."

ಅವನು ಕೇಳಿದ: "ಎಷ್ಟಿದೆ?"

"ಒಂದು ಮೊರದಷ್ಟು."

"ಮೊರ ಎಂತದು ಸಾರ್, ಬಾಗ್ಲಷ್ಟಿದೆ!" ಎಂದ ಮಂಜಪ್ಪ, ಅದೂ ಅವನಿಗೆ ಕೇಳುವ ಹಾಗೆ.

ಹುಳಗಳು ಏಳತೊಡಗಿದವು. ಕೆಲವು ಮೇಲಕ್ಕೆ, ಪ್ರಕಾಶನ ಕಡೆಗೆ. ಕೆಲವು ಕೆಳಕ್ಕೆ, ನಮ್ಮ ಕಡೆಗೆ. ಪ್ರಕಾಶ ಮಂಕಿ ಟೋಪಿಯನ್ನು ಗಲ್ಲದವರೆಗೆ ಎಳೆದು, ಬಾಯಿ-ಮೂಗನ್ನು ಜಾಕೆಟ್ಟಿನ ಕಾಲರಿನೊಳಗೆ ಹುದುಗಿಸಿ, ಕಬ್ಬಿಣಕ್ಕೆ ಕಬ್ಬಿಣವಾಗಿ ನಿಂತದ್ದನ್ನು ನೋಡಿದೆ. ಉಸಿರಿನ ಬಿಸಿಗೆ ಹೆಜ್ಜೇನು ಬರುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಮಾತಾಡಿದರೆ ಉಸಿರು ಹೊರಬರಲೇಬೇಕು. ಆ ಕ್ಷಣದಿಂದ ಅವನ ಮಾತು ನಿಂತಿತು. ನನ್ನ ಕಿವಿಗೆ ಒಂದು, ಮಂಜಪ್ಪನ ಕಣ್ಣಿನ ಕೆಳಗೆ ಒಂದು ಬಿದ್ದದ್ದೇ ನಾವು ಕೋಣೆಯೊಳಗೆ ನುಗ್ಗಿ ಬಾಗಿಲು ಹಾಕಿಕೊಂಡೆವು.

"ಹೊಗೆ ಹಾಕೋದೇ ಸೈ" ಎಂದ ಮಂಜಪ್ಪ. ಕೋಣೆಯ ಮೂಲೆಯಲ್ಲಿ ಹಳೆಯ ಗೋಣಿ ಇತ್ತು, ಡೀಸೆಲ್ ಜೀಪಿನಲ್ಲಿತ್ತು, ಹಸಿ ಹುಲ್ಲು ಬಾಗಿಲ ಬುಡದಲ್ಲೇ ಇತ್ತು. ಜೇನು ಕೀಳುವವರು ಮಾಡುವುದೂ ಅದನ್ನೇ. ನನಗೂ ಅದೇ ಸರಿ ಅನ್ನಿಸಿತು. ಮಂಜಪ್ಪ ತಲೆಗೆ ಗೋಣಿ ಹೊದ್ದು ಬಾಗಿಲಿನ ಸಂದಿಯಿಂದ ಹುಲ್ಲು ಕೀಳತೊಡಗಿದ.

ಆಗಲೇ ಸೆಟ್ಟಿನಲ್ಲಿ ಒಂದು ವಿಚಿತ್ರ ಸದ್ದು ಶುರುವಾದದ್ದು. ಮಾತಾಡಲು ಒತ್ತುವ ಬಟನ್ನನ್ನು ಯಾರೋ ಒತ್ತಿ ಬಿಡುತ್ತಿದ್ದಾರೆ, ಮಾತಾಡುತ್ತಿಲ್ಲ. ಒತ್ತಿದಷ್ಟು ಹೊತ್ತು ಬರಿಯ ಮೌನ, ಬಿಟ್ಟಾಗ ಒಂದು 'ಖರ್'. ಕೆಲವು ಮೌನ ಗಿಡ್ಡ, ಕೆಲವು ಉದ್ದ. ಪ್ರಕಾಶನೇ ಎಂದು ನನಗೆ ತಿಳಿಯಿತು. ಏನು ಹೇಳುತ್ತಿದ್ದಾನೆಂದು ತಿಳಿಯಲಿಲ್ಲ.

ಸುಮಿತ್ರಕ್ಕನಿಗೆ ಎರಡೂ ತಿಳಿಯಲಿಲ್ಲ. ಹೆಜ್ಜೇನಿನ ಬಗ್ಗೆ ನಾನು ನೆಲದಿಂದ ಆಡಿದ ಮಾತು ಅವರಿಗೆ ಮುಟ್ಟಿಯೇ ಇರಲಿಲ್ಲ, ಪ್ರಕಾಶನ "ಎಷ್ಟಿದೆ?" ಒಂದು ಮುಟ್ಟಿದ್ದರೂ ಅದಕ್ಕೆ ತಲೆಬುಡ ಇರಲಿಲ್ಲ. ಇನ್ನು ಬಟನ್ ಒತ್ತಿ ಸುಮ್ಮನೆ ಆಟವಾಡುವವರೆಂದರೆ ನೆಟ್ ನಡೆಸುವವರಿಗೆ ಮೈ ಉರಿ. ಹೊಸ ಸೆಟ್ಟು ಕೊಂಡವರು ತಿಂಗಳುಗಟ್ಟಲೆ ಆ ಚಟ ಮಾಡುತ್ತಾರೆ. ಶೃಂಗೇರಿಯ ದೊಡ್ಡ ಸೆಟ್ಟು ಗುಡುಗಿತು:

"ಯಾರದು ಬಟನ್ ಒತ್ತಿ ಆಡ್ತಿರೋದು? ಇದೇನು ಮಕ್ಕಳ ಗಿಲಕಿಯಾ? ಟವರ್ ಮೇಲೆ ಮನುಷ್ಯ ಇದ್ದಾನೆ, ಒಂದು ಸ್ವಲ್ಪ ಜವಾಬ್ದಾರಿ ಇರ್ಲಿ! ಚಾನೆಲ್ ಖಾಲಿ ಮಾಡಿ!"

ಟವರಿನ ಮೇಲೆ ಮನುಷ್ಯ ಇದ್ದಾನೆಂದೇ ಅವರು ಟವರಿನ ಮೇಲಿದ್ದ ಮನುಷ್ಯನನ್ನು ಬೈಯುತ್ತಿದ್ದರು. ಅವರು ಮಾತಾಡುವಷ್ಟೂ ಹೊತ್ತು ಪ್ರಕಾಶನ ಸಂದೇಶ ಅವರಿಗೆ ಕೇಳಿಸದು. ರೇಡಿಯೊದಲ್ಲಿ ಮಾತಾಡುತ್ತಲೇ ಕೇಳಲು ಆಗುವುದಿಲ್ಲ. ಮೇಲಾಗಿ ಅವರ ಗುಡುಗು ಪ್ರಕಾಶನ ಎದೆಯ ಮೇಲಿನ ಸೆಟ್ಟಿನಿಂದ, ಹೆಜ್ಜೇನಿನ ನೆತ್ತಿಯ ಮೇಲೆಯೇ, ಹೊರಡುತ್ತಿತ್ತು. ನಾನು ನನ್ನ ಸೆಟ್ಟಿನಲ್ಲಿ ಕೂಗಿದೆ. ವ್ಯರ್ಥ. ಮೊಬೈಲಿಗೆ ಆ ಗುಡ್ಡದಲ್ಲಿ ಸಿಗ್ನಲ್ ಇಲ್ಲ. ರಿಪೀಟರ್ ಆನ್ ಮಾಡಿದರೆ ನನ್ನ ದನಿ ಅವರಿಗೆ ಮುಟ್ಟುತ್ತಿತ್ತು. ಫ್ಯೂಸ್ ಪ್ರಕಾಶನ ಜೇಬಿನಲ್ಲಿ. ಒಂದು ತಂತಿಯ ತುಂಡನ್ನು ಮಡಿಸಿ ಫ್ಯೂಸಿನ ಜಾಗಕ್ಕೆ ಹಿಡಿದದ್ದು ನೆನಪಿದೆ. ಹಾಕಲಿಲ್ಲ. ವಿವೇಕದಿಂದಲೋ, ಹೆದರಿಕೆಯಿಂದಲೋ, ಈಗ ಹೇಳಲಾರೆ.

ಅಷ್ಟರಲ್ಲಿ ಸುಮಿತ್ರಕ್ಕ ಬೈಗುಳದ ನಡುವೆ ಉಸಿರೆಳೆಯಲು ಬಟನ್ ಬಿಟ್ಟರು. ಖರ್, ಮೌನ, ಖರ್. ಒಂದು ಉದ್ದದ ಮೌನ, ಬೇಕಾದದ್ದಕ್ಕಿಂತಲೂ ಉದ್ದ.

ಮೋರ್ಸ್ ಬಾರಿಸುವವರಿಗೆ ಒಬ್ಬೊಬ್ಬರಿಗೂ ಒಂದೊಂದು ಕೈ ಇರುತ್ತದೆ, ಕೈಬರಹದ ಹಾಗೆ. ಪ್ರಕಾಶನ ಕೈ ಉದ್ದದ ಸದ್ದನ್ನು ಎಳೆಯುತ್ತಿತ್ತು. ಕಲಿಸುವಾಗ ಸುಮಿತ್ರಕ್ಕ ಅದನ್ನು ತಿದ್ದಲು ಎಷ್ಟೋ ಹೆಣಗಿದ್ದರಂತೆ. ತಿದ್ದಲು ಆಗಿರಲಿಲ್ಲ, ಪುಣ್ಯ.

"ಮಾಣೀ" ಎಂದರು. ಗುಡುಗು ಎಲ್ಲೋ ಹೋಗಿತ್ತು. "ಪ್ರಕಾಶ, ಇದು ನಿನ್ನ ಕೈ ಅಲ್ಲನಾ? ಹೌದಾದ್ರೆ ಒಂದು ಸಲ ಒತ್ತು. ಅಲ್ಲ ಅಂದ್ರೆ ಎರಡು."

ಒಂದು.

"ಮಾತಾಡೋಕೆ ಆಗುತ್ತಾ?" ಎರಡು. "ಸರಿ. ನೀನು ಬಾರಿಸು, ನಾನು ಓದ್ತೀನಿ. ಅವಸರ ಮಾಡ್ಬೇಡ."

ಗಿಡ್ಡ, ಗಿಡ್ಡ, ಗಿಡ್ಡ, ಗಿಡ್ಡ. ಆಮೇಲೆ ಉದ್ದಗಳು. ಅವರು ಒಂದೊಂದೇ ಅಕ್ಷರ ಹೇಳುತ್ತ ಹೋದರು. "ಎಚ್. ಓ. ಜಿ. ಇ. ಹೊಗೆ. ಹೊಗೆ ಅಂದ್ರೆ… ಬೆಂಕಿ ಬಿದ್ದಿದಾ?" ಎರಡು. "ಮತ್ತೆ ಹೊಗೆ ಎಂತಕ್ಕೆ… ಜೇನಾ?" ಒಂದು. "ಹೆಜ್ಜೇನಾ?" ಒಂದು. ಅವರ ಉಸಿರೂ ನಮಗೆ ಕೇಳಿಸಿತು. "ನೀನು ಮೇಲೆ, ಜೇನು ಕೆಳಗಾ?" ಒಂದು. "ಹೊಗೆ ಬೇಕಾ?"

ಎರಡು. ಮತ್ತೆ ಎರಡು. ಮತ್ತೆ ಎರಡು.

"ಹೊಗೆ ಬೇಡ! ಇಂಜಿನಿಯರ್ರೇ, ಕೇಳ್ತಾ ಇದ್ರೆ ಹೊಗೆ ಹಾಕ್ಬೇಡಿ! ಹುಳ ಎಲ್ಲ ಮೇಲೆ ಹೋಗ್ತವೆ, ಮೇಲಿರೋನು ಇವನು!"

ಮಂಜಪ್ಪ ಹುಲ್ಲು ಕೀಳುವುದು ಪ್ರಕಾಶನಿಗೆ ಮೇಲಿನಿಂದ ಕಂಡಿರಬೇಕು. ಮಂಜಪ್ಪನ ಕೈಯಲ್ಲಿ ಬೆಂಕಿಪೊಟ್ಟಣ ಇತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ, ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡ. "ಥೋ" ಎಂದ.

ಮುಂದಿನ ಪದಗಳು ಬರಲು ತಡವಾಯಿತು. ಹುಳವೊಂದು ಗ್ಲೌಸಿನ ಮೇಲೆ, ಬಟನ್ ಒತ್ತುವ ಹೆಬ್ಬೆರಳಿನ ಮೇಲೆಯೇ ನಡೆಯುತ್ತಿತ್ತು, ಅದು ಹೋಗುವವರೆಗೆ ಕಾದೆ ಎಂದು ಪ್ರಕಾಶ ಆಮೇಲೆ ಹೇಳಿದ. ಸುಮಿತ್ರಕ್ಕ ಕಾದರು. ಆ ಚಾನೆಲ್ಲಿನಲ್ಲಿ ಅವರು ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು.

"ಎಚ್, ಎ, ಜಿ, ಜಿ, ಎ. ಹಗ್ಗ. ಎ, ಡಿ, ಐ, ಕೆ…" ಅವರು ಕೊನೆಯ ಅಕ್ಷರಕ್ಕೆ ಕಾಯಲಿಲ್ಲ. "ಅಡಿಕೆ! ಗೊತ್ತಾಯ್ತು ಮಾರಾಯ, ಗೊತ್ತಾಯ್ತು. ಗೊನೆ ಇಳಿಸೋ ಹಾಗೆ!"

ನಮಗೂ ಗೊತ್ತಾಯಿತು. ಈ ಮೂರು ತಾಲ್ಲೂಕಿನಲ್ಲಿ ಯಾರಿಗಾದರೂ ಗೊತ್ತಾಗುತ್ತಿತ್ತು. ಅಡಿಕೆ ಕೊಯ್ಲಿನಲ್ಲಿ ಮರದ ತುದಿಯಲ್ಲಿದ್ದವನು ಗೊನೆಯನ್ನು ಕೆಳಗೆ ಎಸೆಯುವುದಿಲ್ಲ, ಉದುರಿ ಹೋಗುತ್ತದೆ. ಮರದಿಂದ ದೂರ ನಿಂತ ಇನ್ನೊಬ್ಬ ಹಗ್ಗದ ತುದಿಯನ್ನು ಓರೆಯಾಗಿ ಬಿಗಿ ಹಿಡಿದಿರುತ್ತಾನೆ. ಗೊನೆ ಆ ಹಗ್ಗದ ಮೇಲೆ ಜಾರಿಕೊಂಡು ಅವನ ಕಾಲ ಬುಡಕ್ಕೆ ಬರುತ್ತದೆ. ಪ್ರಕಾಶ ತನ್ನನ್ನೇ ಗೊನೆ ಮಾಡಿಕೊಳ್ಳಲು ಹೊರಟಿದ್ದ. ಸಾಮಾನು ಎಳೆಯುವ ಹಗ್ಗ ತುದಿಯಲ್ಲಿತ್ತು. ಅದನ್ನು ರಾಟೆಯಿಂದ ಬಿಡಿಸಿ ಟವರಿಗೇ ಕಟ್ಟುತ್ತಾನೆ. ಕೆಳಗಿನ ತುದಿಯನ್ನು ನಾವು ಉತ್ತರಕ್ಕೆ, ಜೇನಿಗೆ ಬೆನ್ನಾಗಿ, ದೂರ ಒಯ್ದು ಬಿಗಿಯಬೇಕು. ಸೊಂಟದ ಬೆಲ್ಟಿನ ಕೊಂಡಿ ಹಾಕಿಕೊಂಡು ಅವನು ಜಾರುತ್ತಾನೆ.

ಮನುಷ್ಯನ ಭಾರಕ್ಕೆ ಇಬ್ಬರ ಕೈ ಸಾಲದು. ಜೀಪಿನ ಹಿಂದಿನ ಕೊಕ್ಕೆಗೆ ಕಟ್ಟುವುದೆಂದಾಯಿತು. ಹಗ್ಗದ ತುದಿ ಮಾತ್ರ ಟವರಿನ ಬುಡದಲ್ಲಿ, ಹುಳ ಸುತ್ತುವ ಜಾಗದಲ್ಲೇ ಬಿದ್ದಿತ್ತು. ಯಾರಾದರೂ ಹೋಗಿ ತರಬೇಕು. ಗೋಣಿ ಹೊದ್ದು ಓಡಿ ತಂದವನು ನಾನು. ಮಂಜಪ್ಪ ತಾನೆಂದು ಹೇಳುತ್ತಾನೆ. ಅವನ ಹೆಂಡತಿಯೂ ಹಾಗೇ ಹೇಳುತ್ತಾಳೆ, ನನ್ನ ಹೆಂಡತಿ ನನ್ನ ಪರ, ಇಬ್ಬರೂ ಅಲ್ಲಿರಲಿಲ್ಲ. ನನಗೆ ಹಗ್ಗದ ಒದ್ದೆ, ಬೆನ್ನ ಮೇಲೆ ಹುಳಗಳು ಕಲ್ಲು ಬಿದ್ದ ಹಾಗೆ ಬಡಿದದ್ದು, ಎರಡೂ ಸ್ಪಷ್ಟ ನೆನಪಿವೆ. ಅವನಿಗೂ ಸ್ಪಷ್ಟ ನೆನಪಿವೆ. ಊದಿದ ಮುಖಗಳನ್ನು ಸಾಕ್ಷಿ ಕೇಳಿದರೆ, ಅಂದು ಸಂಜೆ ಎರಡೂ ಒಂದೇ ಗಾತ್ರದಲ್ಲಿದ್ದವು. ಇಬ್ಬರೂ ಹೋಗಿದ್ದಿರಬಹುದು.

ಜೀಪಿನೊಳಗೆ ಕೂತು ಎಲ್ಲ ಕಿಟಕಿ ಮುಚ್ಚಿದೆವು. ಮಂಜಪ್ಪ ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಸೆಟ್ಟು ಹಿಡಿದು ನಾನು. ಜೀಪಿನ ಸದ್ದಿನಲ್ಲಿ ಪ್ರಕಾಶನ ಮೌನಗಳನ್ನು ಎಣಿಸಲು ಸಾಧ್ಯವಿರಲಿಲ್ಲ. ಸುಮಿತ್ರಕ್ಕನ ದನಿ ಮಾತ್ರ ಕೇಳುತ್ತಿತ್ತು. ಅವರು ಅದನ್ನು ಊಹಿಸಿದ್ದರು.

"ಪ್ರಕಾಶ, ಇನ್ಮೇಲೆ ಒಂದು ಅಂದ್ರೆ ಎಳೀರಿ, ಎರಡು ಅಂದ್ರೆ ನಿಲ್ಸಿ. ಮೂರು ಅಂದ್ರೆ ನೀನು ಹೊರಟೆ ಅಂತ. ಇಂಜಿನಿಯರ್ರೇ, ನೀವು ಹೇಳೋದು ನಂಗೆ ಕೇಳಲ್ಲ, ನಾ ಹೇಳಿದ್ದು ನಿಮಗೆ ಕೇಳ್ತಿದೆ ಅಂದ್ಕೊಂಡು ಹೇಳ್ತಾ ಇದೀನಿ."

ಶೃಂಗೇರಿಯಲ್ಲಿ ತಮ್ಮ ಮನೆಯ ಮೇಜಿನ ಮುಂದೆ ಕೂತ ಒಬ್ಬ ಗಣಿತದ ಮೇಡಂ, ತಮಗೆ ಕಾಣದ ಗುಡ್ಡದ ಮೇಲೆ, ಕಾಣದ ಜೀಪನ್ನು, ಕಾಣದ ಮನುಷ್ಯನ ಹೆಬ್ಬೆರಳಿನ ಮಾತು ಕೇಳಿ ನಡೆಸತೊಡಗಿದರು.

"ಎಳೀರಿ. ಮೆಲ್ಲಗೆ. ನಿಲ್ಸಿ! ಎಳೀರಿ… ಇನ್ನೂ… ನಿಲ್ಸಿ. ಒಂದು ಚೂರು."

"ಒಂದು ಚೂರು ಅಂದ್ರೆ ಎಷ್ಟು ಸಾರ್?" ಎಂದ ಮಂಜಪ್ಪ, ಬೆವರುತ್ತ. "ಇದು ಜೀಪು, ಹೊಲಿಗೆ ಮಿಷನ್ ಅಲ್ಲ."

ಆದರೂ ಅವನು ಒಂದು ಚೂರೇ ಎಳೆದ. ಹಗ್ಗ ಟವರಿನ ನೆತ್ತಿಯಿಂದ ಜೀಪಿನವರೆಗೆ, ಹದಿನೈದು ಮಾರು ದೂರಕ್ಕೆ, ತಂಬೂರಿಯ ತಂತಿಯ ಹಾಗೆ ನಿಂತಿತು.

"ಮೂರು!" ಎಂದರು ಸುಮಿತ್ರಕ್ಕ.

ಹಿಂದಿನ ಗಾಜಿನಲ್ಲಿ ನೋಡಿದೆ. ಪ್ರಕಾಶ ಟವರನ್ನು ಬಿಟ್ಟ. ಅಷ್ಟು ಹೊತ್ತು ಅಲುಗದೆ ನಿಂತ ದೇಹ ಒಮ್ಮೆಲೇ ಗಾಳಿಯಲ್ಲಿ ತೂಗಿ, ಹಗ್ಗ ಬಿಲ್ಲಿನ ಹಾಗೆ ಬಾಗಿ, ಜೀಪು ಹಿಂದಕ್ಕೆ ಜಗ್ಗಿತು. ಮಂಜಪ್ಪ ಬ್ರೇಕಿನ ಮೇಲೆ ಎದ್ದು ನಿಂತ. ಟವರ್ ಅದುರಿದ್ದಕ್ಕೆ ಪ್ಯಾನೆಲ್ಲಿನ ಅಡಿಯ ಕಪ್ಪು ಪರದೆ ಕಳಚಿ ಹೊಗೆಯಂತೆ ಹರಡಿತು. ಆದರೆ ಹುಳ ಹೊರಟದ್ದು ಅದುರಿದ ಕಬ್ಬಿಣದ ಕಡೆಗೆ, ಅಷ್ಟರಲ್ಲಿ ಪ್ರಕಾಶ ಅಲ್ಲಿರಲಿಲ್ಲ. ಚರ್ಮದ ಗ್ಲೌಸು ಹಗ್ಗಕ್ಕೆ ಒತ್ತಿ ವೇಗ ತಡೆಯುತ್ತ, ಕಾಲು ಮಡಿಸಿ, ನಿಜಕ್ಕೂ ಒಂದು ದೊಡ್ಡ ಗೊನೆಯ ಹಾಗೆ ಜೀಪಿನ ಹಿಂದೆ ಹುಲ್ಲಿನ ಮೇಲೆ ಬಂದು ಬಿದ್ದ. ನಾನು ಹಿಂಬಾಗಿಲು ತೆಗೆದು, ಅವನ ಕೊಂಡಿ ಬಿಡಿಸಿ, ಕಾಲರ್ ಹಿಡಿದು ಒಳಗೆ ಎಳೆದೆ. ಮಂಜಪ್ಪ ಕೊಕ್ಕೆಯ ಹಗ್ಗವನ್ನು ಕತ್ತಿಯಿಂದ ಕಡಿದ. ಹೊರಟೆವು.

ಜೀಪಿನೊಳಗೆ ಸೆಟ್ಟು ಮಾತಾಡುತ್ತಿತ್ತು.

"ಪ್ರಕಾಶ? ಇಳಿದ್ಯಾ? ಒಂದು ಸಲ ಒತ್ತು."

ಅವನು ಒತ್ತಿದ. ಏನು ಪ್ರಯೋಜನ. ಟವರಿನಿಂದ ಇಳಿದ ಕೂಡಲೇ ಅವನೂ ಗುಡ್ಡದ ಹೆಗಲಿನ ಮರೆಗೆ ಬಂದಿದ್ದ, ನನ್ನ ಹಾಗೆಯೇ. ಅವರ ಮಾತು ನಮಗೆ ಬರುತ್ತಿತ್ತು, ನಮ್ಮದು ಅವರಿಗೆ ಹೋಗುತ್ತಿರಲಿಲ್ಲ. ಮೂರು ಸಲ ಒತ್ತಿದ್ದು ಕೇಳಿದ ಮೇಲೆ ಅವರ ಪಾಲಿಗೆ ಎಲ್ಲವೂ ಸ್ತಬ್ಧ.

"ಪ್ರಕಾಶ. ಇಂಜಿನಿಯರ್ರೇ. ಯಾರಾದ್ರೂ ಒತ್ತಿ." ಸ್ವಲ್ಪ ಹೊತ್ತು ಬಿಟ್ಟು: "ಮಾಣೀ, ಬೈದೆ ಅಂತ ಸಿಟ್ಟನಾ? ಒಂದು ಸಲ ಒತ್ತಾ."

"ಸ್ವಲ್ಪ ಜೋರಾಗಿ ಬಿಡಾ" ಎಂದ ಪ್ರಕಾಶ ಮಂಜಪ್ಪನಿಗೆ. ಮಂಕಿ ಟೋಪಿ ತೆಗೆದಿರಲಿಲ್ಲ. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ. ಇಳಿಜಾರಿನ ಮೂರನೆಯ ತಿರುವಿನಲ್ಲಿ ಕಾಡು ತೆರೆದು ಶೃಂಗೇರಿಯ ಕಡೆಯ ಕಣಿವೆ ಕಾಣುತ್ತದೆ. ಆ ತಿರುವು ಬಂದದ್ದೇ ಅವನು ಸೆಟ್ಟನ್ನು ಕಿಟಕಿಯಿಂದ ಹೊರಗೆ ಹಿಡಿದು, ಬಾಯಿ ತುಂಬ ಗಾಳಿ ತೆಗೆದುಕೊಂಡು ಮಾತಾಡಿದ.

"ಸುಮಿತ್ರಕ್ಕ, ಗೊನೆ ಇಳೀತು. ಒಂದು ಅಡಿಕೇನೂ ಉದುರ್ಲಿಲ್ಲ."

ಆ ಕಡೆಯಿಂದ ಬಂದದ್ದು ಟೀಚರಿನ ದನಿಯೇ: "ಉದ್ದದ್ದನ್ನ ಅಷ್ಟು ಎಳೀಬಾರ್ದು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ!" ಆಮೇಲೆ ಬಟನ್ ಒತ್ತಿಕೊಂಡೇ ಅವರು ಅತ್ತರು. ನಮ್ಮ ನೆಟ್ಟಿನ ನಿಯಮದ ಪ್ರಕಾರ ಅದು ಚಾನೆಲ್ಲಿನ ದುರುಪಯೋಗ. ಯಾರೂ ಆಕ್ಷೇಪಿಸಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಪ್ರಕಾಶನನ್ನು ಮಲಗಿಸಿ, ಇಂಜೆಕ್ಷನ್ ಸಿದ್ಧ ಇಟ್ಟುಕೊಂಡು, ತಲೆಯಿಂದ ಪಾದದವರೆಗೆ ಹುಡುಕಿದರು. ಆಮೇಲೆ ಅವನನ್ನು ಎಬ್ಬಿಸಿ ಕೂರಿಸಿ, ಆ ಹಾಸಿಗೆಯ ಮೇಲೆ ನನ್ನನ್ನೂ ಪಕ್ಕದ ಬೆಂಚಿನ ಮೇಲೆ ಮಂಜಪ್ಪನನ್ನೂ ಮಲಗಿಸಿದರು. ನಮ್ಮಿಬ್ಬರ ಮೈಯಿಂದ ಮುಳ್ಳು ಕೀಳುವುದು ಮಧ್ಯಾಹ್ನದ ಊಟದ ಹೊತ್ತಿನವರೆಗೂ ನಡೆಯಿತು. ಪ್ರಕಾಶನಿಗೆ ಒಂದೂ ಕಚ್ಚಿರಲಿಲ್ಲ. ಒಂದೂ. ಅವನು ಕುರ್ಚಿಯಲ್ಲಿ ಕೂತು ನಮಗೆ ಎಳನೀರು ಕುಡಿಸುತ್ತಿದ್ದಾಗ ಅವನ ಹೆಂಡತಿ ಬಂದಳು. ಒಳಗೆ ಕಾಲಿಟ್ಟವಳು ಮೂವರನ್ನೂ ನೋಡಿ, "ಇದ್ರಲ್ಲಿ ಯಾರಿಗೆ ಏನಾದದ್ದು?" ಎಂದು ಕೇಳಿದಳು.

ಮರುವಾರದ ಹೊತ್ತಿಗೆ ಹೆಜ್ಜೇನು ತಾವಾಗಿ ಬೇರೆಡೆಗೆ ಹೋದವು. ಪ್ರಕಾಶ ಜೇಬಿನ ಫ್ಯೂಸನ್ನು ತಂದು ತನ್ನ ಕೈಯಾರೆ ಹಾಕಿದ. ನರಸಿಂಹರಾಜಪುರದ ಮಾತು ಶೃಂಗೇರಿಗೆ ಪಕ್ಕದ ಮನೆಯಿಂದ ಬಂದ ಹಾಗೆ ಕೇಳಿತು. ಮುಂದಿನ ಮಳೆಗಾಲದಲ್ಲಿ ಅದೇ ರಿಪೀಟರಿನ ಮೂಲಕ ಎಷ್ಟೋ ಸುದ್ದಿಗಳು ದಾಟಿದವು. ಟವರ್ ಹತ್ತುವ ಕೆಲಸ ಈಗಲೂ ಪ್ರಕಾಶನದೇ, ಬೇಡವೆಂದರೂ ಕೇಳುವುದಿಲ್ಲ. ಮಂಜು ಪೂರ್ತಿ ಕರಗಿ ದುರ್ಬೀನಿನಲ್ಲಿ ಮೂರು ಮುಖವನ್ನೂ ನೋಡದೆ ನಾವು ಯಾರನ್ನೂ ಹತ್ತಿಸುವುದಿಲ್ಲ.

ನೆಟ್ಟಿನ ನಿಯಮಗಳಿಗೆ ಸುಮಿತ್ರಕ್ಕ ಒಂದನ್ನು ಸೇರಿಸಿದರು. ಟವರಿನ ಮೇಲೆ ಮನುಷ್ಯನಿರುವಾಗ ಅರ್ಥವಾಗದ ಸದ್ದು ಬಂದರೆ, ಮಿಕ್ಕವರೆಲ್ಲ ಮೊದಲು ಸುಮ್ಮನಾಗಬೇಕು. ಆ ಬೆಳಗು ನನಗೆ ಕಲಿಸಿದ್ದೂ ಅದೇ. ಸಂಪರ್ಕವೆಂದರೆ ಮಾತು ಮುಟ್ಟಿಸುವುದು ಎಂದೇ ನಾನು ಸರ್ವಿಸಿನುದ್ದಕ್ಕೂ ತಿಳಿದಿದ್ದೆ. ಮಾತಾಡಲಾಗದವನಿಗೆ ಜಾಗ ಬಿಟ್ಟುಕೊಡುವುದೂ ಅದರ ಕೆಲಸವೇ. ಇದು ಯಾವ ತರಬೇತಿಯಲ್ಲೂ ಇರಲಿಲ್ಲ.

ತಿಳಿಯದೆ ಉಳಿದದ್ದು ಒಂದಿದೆ. ಅಷ್ಟು ಹೊತ್ತು ಮೈಮೇಲೆ ಓಡಾಡಿಯೂ ಅವು ಪ್ರಕಾಶನಿಗೆ ಏಕೆ ಕಚ್ಚಲಿಲ್ಲ? ಚಳಿಯಿಂದ ಎಂದರೆ, ಅದೇ ಚಳಿಯಲ್ಲಿ ನಮಗೆ ಕಚ್ಚಿದವು. ಅವನು ಅಲುಗದೆ ನಿಂತದ್ದರಿಂದ ಎಂದು ಡಾಕ್ಟರು ಅಂದರು. ಅವನ ಹೆಬ್ಬೆರಳು ಅಲುಗುತ್ತಲೇ ಇತ್ತು. ಬಟನ್ ಒತ್ತಿದಾಗಲೆಲ್ಲ ಸೆಟ್ಟಿನ ರೇಡಿಯೊ ಅಲೆಗೆ ಹುಳಗಳು ಒಂದು ಕ್ಷಣ ನಿಂತಲ್ಲೇ ನಿಲ್ಲುತ್ತಿದ್ದವು, ತಾನು ಕಣ್ಣಾರೆ ಕಂಡೆ ಎನ್ನುತ್ತಾನೆ ಪ್ರಕಾಶ. ಟೋಪಿ ಕಣ್ಣಿನ ಮೇಲೆ ಇಳಿದಿತ್ತಲ್ಲ ಎಂದರೆ, ಸಂದಿಯಿಂದ ಎನ್ನುತ್ತಾನೆ. ತಿಳಿದ ಕೆಲವರನ್ನು ಕೇಳಿದೆ. ಇರಬಹುದು ಎಂದರು ಕೆಲವರು, ಇರಲಾರದು ಎಂದರು ಕೆಲವರು. ಇನ್ನೊಂದು ಹೆಜ್ಜೇನಿನ ಎದುರು ಸೆಟ್ಟು ಹಿಡಿದು ನಿಂತು ನೋಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇಲ್ಲ. ನನಗೆ ಗೊತ್ತಿಲ್ಲ.